ದೇವರಾಯನದುರ್ಗಕ್ಕೆ ಹುಳ ತಿನ್ನುವ ಗಿಡ ನೋಡಲು ಹೋಗುವವರಿಗೆ

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಆಟೋದವರೊಬ್ಬರು "ಹೂಜಿ ಗಿಡ ತೋರಿಸ್ತೀನಿ ಬನ್ನಿ ಸಾರ್" ಎಂದು 900 ರೂಪಾಯಿಗೆ ಒಪ್ಪಿಸಿದರು. ಇಳಿಸಿದ್ದು ರಸ್ತೆ ಬದಿಯ ನರ್ಸರಿ ಮುಂದೆ! ನೇತುಹಾಕಿದ ಕುಂಡದಲ್ಲಿ, ಹುಳ ಬೀಳಿಸಿಕೊಳ್ಳುವ ಹೂಜಿಯಂಥ ಎಲೆಗಳು ಜೋಲಾಡುತ್ತಿದ್ದವು. ಬೆಲೆ 1,200. "ದುರ್ಗದ ಕಾಡಿಂದೇ ತಂದಿದ್ದು" ಅಂದರು ಅಂಗಡಿಯವರು.

ಶುದ್ಧ ಸುಳ್ಳು. ನಮ್ಮ ದೇಶದಲ್ಲಿ ಈ ಹೂಜಿ ಗಿಡ, ಅಂದರೆ ನೆಪೆಂಥಿಸ್, ತಾನಾಗಿ ಬೆಳೆಯುವುದು ಈಶಾನ್ಯದಲ್ಲಿ, ಮುಖ್ಯವಾಗಿ ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ. ಅಲ್ಲೂ ಜನ ಕಿತ್ತು ಮಾರಿ, ಗಣಿ ತೋಡಿ ಅದು ಅಳಿವಿನ ಅಂಚಿಗೆ ಬಂದಿದೆ. ಕುಂಡದಲ್ಲಿ ಸಿಗುವುದು ಸಾಮಾನ್ಯವಾಗಿ ನರ್ಸರಿಯಲ್ಲೇ ಬೆಳೆಸಿದ ಮಿಶ್ರತಳಿ. ಬೇಕಿದ್ದರೆ ಕೊಳ್ಳಿ, ಆದರೆ ಬೋರ್‌ವೆಲ್ ನೀರು ಹಾಕಬೇಡಿ. ಉಪ್ಪಿನಂಶ ಅದಕ್ಕೆ ಆಗಿಬರುವುದಿಲ್ಲ, ಮಳೆನೀರೇ ಬೇಕು.

ದುರ್ಗದಲ್ಲಿ ನೋಡಬೇಕಾದ್ದು ಡ್ರಾಸಿರಾ, ಎಲೆಯ ಅಂಟಿನಿಂದ ಹುಳ ಹಿಡಿಯುವ ಪುಟ್ಟ ಗಿಡ. ಮಳೆಗಾಲ ಮುಗಿಯುವ ಹೊತ್ತಿಗೆ, ಬಂಡೆ ಮೇಲೆ ನೀರು ಜಿನುಗುವ ಕಡೆ ಬಗ್ಗಿ ಹುಡುಕಿ. ಎಲೆ ಮೇಲಿನ ಕೆಂಪು ಕೂದಲಿನ ತುದಿಯಲ್ಲೆಲ್ಲ ಅಂಟಿನ ಹನಿ. ಅದರಲ್ಲಿ ಬರ್ಮಾನಿ ಎಂಬ ಜಾತಿಯದು ನೆಲಕ್ಕೆ ಅಂಟಿಕೊಂಡ ರೂಪಾಯಿ ಬಿಲ್ಲೆಯಷ್ಟೇ ಇರುತ್ತದೆ. ಸೊಳ್ಳೆ ಕೂತರೆ ಅಂಚಿನ ಕೂದಲು ಕೆಲವೇ ಸೆಕೆಂಡಿನಲ್ಲಿ ಒಳಕ್ಕೆ ಮಡಚಿಕೊಳ್ಳುತ್ತವೆ. ಆಮೇಲೆ ಎಲೆಯೇ ರಸ ಸುರಿಸಿ ಹುಳವನ್ನು ಕರಗಿಸಿಕೊಳ್ಳುತ್ತದೆ. ಅಂಥ ಬಂಡೆ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ, ಬೇರು ನಂಬಿದರೆ ಹೊಟ್ಟೆ ತುಂಬುವುದಿಲ್ಲ ಅಲ್ವಾ. ಪಕ್ಕದಲ್ಲೇ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ ಇದ್ದರೆ ಅದೂ ಬೇಟೆಗಾರನೇ. ಒದ್ದೆ ಮಣ್ಣಿನೊಳಗಿನ ಪುಟ್ಟ ಚೀಲದಿಂದ ಸೂಕ್ಷ್ಮ ಜೀವಿಗಳನ್ನು ಸೆಳೆದುಕೊಳ್ಳುತ್ತದೆ.

ನನಗೆ ಕಂಡ ಜಾಗ ಎಲ್ಲಿ ಅಂತ ಬರೆಯುವುದಿಲ್ಲ. ಕಿತ್ತು ಮನೆಗೆ ಒಯ್ಯುವವರು ಜಾಸ್ತಿ, ಸೆಲ್ಫಿಗೆ ತುಳಿಯುವವರು ಇನ್ನೂ ಜಾಸ್ತಿ. ಭಾನುವಾರ ಅಂತೂ ಬೇಡವೇ ಬೇಡ. ಬೈಕುಗಳ ಗದ್ದಲ, ಚಿಪ್ಸ್ ಕವರು, ಅದನ್ನು ಕಸಿಯುವ ಕೋತಿಗಳು. ನನಗೆ ಹತ್ತು ಜನ ಕಂಡರೇ ತಲೆನೋವು, ಹಾಗಾಗಿ ಮೇಲಿನ ದೇವಸ್ಥಾನದ ಬಗ್ಗೆ ನನ್ನನ್ನು ಕೇಳಬೇಡಿ. ಬೆಟ್ಟದ ಬುಡದ ಬುಗ್ಗೆ ನಾಮದ ಚಿಲುಮೆಯೂ ಅಷ್ಟೇ, ಹಾಗೇ ದಾಟಿ ಹೋದೆ.

ಆಟೋದ ಹೊಟ್ಟೆಯುರಿ ಆರಿದ್ದು ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ. ಬೋರ್ಡೇ ಇಲ್ಲದ ಸಣ್ಣ ಹೋಟೆಲು, ಕೂರಲು ಎರಡು ಬೆಂಚು. ತಟ್ಟೆ ಇಡ್ಲಿ ಹಬೆಯಾಡುತ್ತಾ ಬಂತು. ಮೇಲೆ ಬೆಣ್ಣೆ ಕರಗಿ ಅಂಚಿಗೆ ಹರಿಯುತ್ತಿತ್ತು, ಪಕ್ಕದಲ್ಲಿ ಖಾರದ ಕೆಂಪು ಚಟ್ನಿ. ಒಂದು ಸಾಕು ಅಂದುಕೊಂಡವನು ಮೂರು ತಿಂದೆ. ಚಟ್ನಿ ಕೇಳಿದಷ್ಟೂ ಬಡಿಸಿದ ಅಜ್ಜಿ "ನಿಧಾನ ತಿನ್ನಪ್ಪ" ಅಂದರು. ಬಿಲ್ಲು ಆಟೋ ದುಡ್ಡಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಬರೀ ಚಿತ್ರಾನ್ನ ಸಿಗುತ್ತದೆ.