ಒಂದು ರೂಪಾಯಿ ಶಾಂಪೂ ಮೋಸ ತಾನೇ?

ನಾನು ಮುಂಬಯಿ ಹತ್ತಿರದ ವಸಾಯಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟ್. ಶಾಂಪೂ, ಹೇರ್ ಆಯಿಲ್ ಮಾಡಿ ಬೇರೆಯವರ ಬ್ರಾಂಡ್‌ಗೆ ತುಂಬಿ ಕೊಡುತ್ತೇವೆ. ಡೊಂಬಿವಲಿಯ ನಮ್ಮ ಕನ್ನಡದವರಿಗೆಲ್ಲ ಇದು ಗೊತ್ತಾಗಿ ಹೋಗಿದೆ. ಮದುವೆ, ಮುಂಜಿ, ಸೀಮಂತ, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಒಂದು ರೂಪಾಯಿಗೆ ಶಾಂಪೂ ಕೊಡ್ತಾರಲ್ಲ, ಅದರಲ್ಲಿ ಏನೋ ಮೋಸ ಇದೆ ತಾನೇ?"

ಉತ್ತರ ಅವರೇ ತಂದಿರುತ್ತಾರೆ. ನನ್ನಿಂದ ಬೇಕಾಗಿರುವುದು ಸಹಿ ಮಾತ್ರ.

ಸಹಿ ಹಾಕುವುದಿಲ್ಲ. ಶಾಂಪೂವಿನಲ್ಲಿ ಜಾಸ್ತಿ ಇರುವುದು ನೀರು. ಆಮೇಲೆ ಎಸ್‌ಎಲ್‌ಇಎಸ್ ಅನ್ನುವ, ನೊರೆ ಬರಿಸುವ ಪೇಸ್ಟ್. ಅದು ಡ್ರಮ್‌ಗಟ್ಟಲೆ ಬರುತ್ತದೆ. ಗಟ್ಟಿ ಮಾಡಲು ಉಪ್ಪು. ಹೌದು, ಉಪ್ಪೇ. ಸ್ವಲ್ಪ ಹಾಕಿದರೆ ದಪ್ಪ, ಜಾಸ್ತಿಯಾದರೆ ಮತ್ತೆ ನೀರು ನೀರು. ನನ್ನ ಅರ್ಧ ಕೆಲಸ ಆ ಉಪ್ಪು ಕಾಯುವುದೇ. ಇದಕ್ಕೆ ಬಣ್ಣ, ಪರಿಮಳ, ಕೆಡದಂತೆ ಇಡುವ ಔಷಧ. ಇಷ್ಟನ್ನು ಅಗ್ಗವಾಗಿ ಕೊಡಲು ಯಾರೂ ಯಾರಿಗೂ ಮೋಸ ಮಾಡಬೇಕಾಗಿಲ್ಲ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಪ್ಯಾಕೆಟ್ ಶಾಂಪೂ ಮಾಡಿದರು. ಅವರ ಮಗ ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ತಂದರು. ಬಾಟಲಿ ಕೊಳ್ಳಲಾಗದವರ ಬಚ್ಚಲಿಗೂ ಶಾಂಪೂ ಬಂದದ್ದು ಹಾಗೆ.

ಕಳೆದ ಗಣಪತಿಗೆ ನಮ್ಮ ಸೊಸೈಟಿಯ ಊಟದ ಸಾಲಿನಲ್ಲಿ ಒಬ್ಬ ಅಕ್ಕ ಹಿಡಿದುಕೊಂಡರು. "ತಮ್ಮಾ, ನಮ್ಮ ಮನೆಗೆಲಸದ ಬಾಯಿ ಆ ಪ್ಯಾಕೆಟ್ ಶಾಂಪೂ ಹಾಕ್ಕೊಳ್ತಾಳೆ. ಪಾಪ, ಕೂದಲು ಹಾಳಾಗಲ್ವಾ?" ಬಾಯಿಯ ಕೂದಲನ್ನು ನಾನು ನೋಡಿದ್ದೇನೆ. ಸೊಂಟದವರೆಗೆ ಇದೆ. ಅಕ್ಕನ ಕೂದಲಿನ ಬಗ್ಗೆ ಏನೂ ಹೇಳುವುದಿಲ್ಲ.

ನೀವೇನು ಹಾಕ್ತೀರಿ ಅಂದೆ. ಮೊಬೈಲ್‌ನಲ್ಲಿ ಫೋಟೋ ತೋರಿಸಿದರು. ಈರುಳ್ಳಿ ಶಾಂಪೂ. ಬೆಲೆ ಆರುನೂರರ ಹತ್ತಿರ. ಹಿಂಭಾಗದ ಫೋಟೋ ಇದೆಯಾ ಅಂತ ಕೇಳಿದೆ. ಇತ್ತು. ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ದೊಡ್ಡದು ಮಾಡಿ ನೋಡಿದೆ.

ಲೇಬಲ್ ಓದುವ ಒಂದು ಉಪಾಯ ಹೇಳುತ್ತೇನೆ. ಶೇಕಡಾ 1ಕ್ಕಿಂತ ಹೆಚ್ಚು ಇರುವುದನ್ನೆಲ್ಲ ಹೆಚ್ಚಿನಿಂದ ಕಡಿಮೆಗೆ ಬರೆಯಬೇಕು ಅಂತ ನಿಯಮ. ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಈಗ ಫಿನಾಕ್ಸಿಎಥನಾಲ್ ಹುಡುಕಿ. ಅದು ಕೆಡದಂತೆ ಇಡುವ ವಸ್ತು, ಶೇಕಡಾ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದರ ನಂತರ ಬಂದ ಯಾವುದೂ 1ರ ಮೇಲಿರಲು ಸಾಧ್ಯವಿಲ್ಲ. ಅಕ್ಕನ ಈರುಳ್ಳಿ ಕುಳಿತಿದ್ದುದು ಅದರ ಹಿಂದೆ. ಕೋಸಂಬರಿಯಲ್ಲಿ ಇದಕ್ಕಿಂತ ಜಾಸ್ತಿ ಈರುಳ್ಳಿ ಬೀಳುತ್ತಿತ್ತು, ಹಬ್ಬ ಅಂತ ಹಾಕಿರಲಿಲ್ಲ ಅಷ್ಟೇ.

ಬಾಟಲಿ ಮೇಲೆ ಮೊಲದ ಚಿತ್ರ ಬೇರೆ. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲವಂತೆ. ಕಾಸ್ಮೆಟಿಕ್‌ಗಳಿಗೆ ಆ ಪರೀಕ್ಷೆಯನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಅಂಗಡಿ ಮುಂದೆ "ನಾವು ಕಳ್ಳರಲ್ಲ" ಅಂತ ಬೋರ್ಡ್ ಹಾಕಿದ ಹಾಗೆ.

"ಅಂದ್ರೆ ನಮ್ಮ ಬಾಯಿದೇ ಒಳ್ಳೇದು ಅಂತೀಯಾ?" ಅಂದರು ಅಕ್ಕ.

"ಕೊಳೆ ತೆಗೆಯೋಕೆ ಎರಡೂ ಸಾಕು ಅಕ್ಕಾ."

ಪಾಯಸದ ಪಾತ್ರೆ ಕಡೆ ಹೋದರು. ಆಮೇಲೆ ನನ್ನನ್ನು ಮಾತಾಡಿಸಿಲ್ಲ.

ಅಗ್ಗದ ಮಾಲಿಗೆ ನಾನು ವಕೀಲ ಅಂದುಕೊಳ್ಳಬೇಡಿ. ಅಗ್ಗದ ಹೇರ್ ಆಯಿಲ್ ನೋಡಿ: ಡಬ್ಬಿ ಮೇಲೆ ಬಾದಾಮಿ ಚಿತ್ರ, ಹಿಂದೆ ಮೊದಲ ಹೆಸರೇ ಲೈಟ್ ಲಿಕ್ವಿಡ್ ಪ್ಯಾರಾಫಿನ್. ಪೆಟ್ರೋಲಿಯಂನಿಂದ ಬರುವ ಎಣ್ಣೆ. ತಲೆಗೆ ಹಚ್ಚಿದರೆ ಏನೂ ಆಗುವುದಿಲ್ಲ, ಆದರೆ ಬಾದಾಮಿಯೂ ಆಗುವುದಿಲ್ಲ. "ಕೂದಲು ಉದುರುವುದು ಕಡಿಮೆ" ಅನ್ನುವ ಸಾಲಿನ ಪಕ್ಕದ ಪುಟ್ಟ ನಕ್ಷತ್ರ ನೋಡಿದ್ದೀರಾ? ಕೆಳಗೆ ಇರುವೆ ಅಕ್ಷರದಲ್ಲಿ, ತುಂಡಾಗಿ ಬೀಳುವ ಕೂದಲಿಗೆ ಮಾತ್ರ ಅಂತ ಇರುತ್ತದೆ. ಬುಡದಿಂದ ಉದುರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

"ಅದನ್ನ ತುಂಬೋದು ನೀವೇ ಅಲ್ವಾ?" ಅಂತೀರಿ. ಹೌದು. ಲೇಬಲ್ ಬ್ರಾಂಡ್‌ನವರು ಕಳಿಸುತ್ತಾರೆ, ನಾವು ಮೆಷಿನ್‌ಗೆ ಹಾಕುತ್ತೇವೆ. ನೆಪ ಅನ್ನಿ ಬೇಕಾದರೆ. ಮನೆ ಸಾಲದ ಕಂತು ಆ ಮೆಷಿನ್ನೇ ಕಟ್ಟುತ್ತಿದೆ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಎಲ್ಲರೂ ಕೇಳುವುದು "ನನ್ನ ತಲೆಗೆ ಏನಾಗುತ್ತೆ" ಅಂತ. ಇದು ಎಲ್ಲಿಂದ ಬಂತು, ತಂದವರಿಗೆ ಎಷ್ಟು ಸಿಕ್ಕಿತು ಅಂತ ಒಬ್ಬರೂ ಕೇಳಿಲ್ಲ.

ಆ ನೊರೆಯ ಪೇಸ್ಟ್‌ನ ಮೂಲ ಹೆಚ್ಚಾಗಿ ತಾಳೆ ಬೀಜದ ಎಣ್ಣೆ, ಇಂಡೋನೇಷ್ಯಾ ಮತ್ತು ಮಲೇಷ್ಯಾದ್ದು. ಅಲ್ಲಿ ಕಾಡು ಕಡಿದು ತೋಟ ಮಾಡಿದ ಕತೆ ಹಳೆಯದು. ಕಾಡಿಗೆ ಹಾನಿ ಮಾಡದ ತೋಟದ ಎಣ್ಣೆಗೆ ಸರ್ಟಿಫಿಕೇಟ್ ಕೊಡಲು ಆರ್‌ಎಸ್‌ಪಿಒ ಅನ್ನುವ ಸಂಸ್ಥೆ ಶುರುವಾದದ್ದು 2004ರಲ್ಲಿ. ಅದರಲ್ಲೂ ಒಂದು ಬಗೆಯಲ್ಲಿ ಸರ್ಟಿಫಿಕೇಟ್ ಇದ್ದದ್ದು, ಇಲ್ಲದ್ದು ಎರಡನ್ನೂ ಬೆರೆಸಲು ಅವಕಾಶವಿದೆ. ಸಲ್ಫೇಟ್, ಅಂದರೆ ಎಸ್‌ಎಲ್‌ಇಎಸ್‌ನಂಥದ್ದು, ಇಲ್ಲದ ಆರುನೂರರ ಬಾಟಲಿಯ ನೊರೆಯೂ ಸಾಮಾನ್ಯವಾಗಿ ತಾಳೆ ಅಥವಾ ತೆಂಗಿನಿಂದಲೇ. ಜಾಸ್ತಿ ಕೊಟ್ಟರೆ ಪುಣ್ಯ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ, ಸೀಗೆ, ಜೇನು ಆಯ್ದು ಮಾರುವವರು. ಅದಕ್ಕೆ ಕಾನೂನಿನ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ. "ನೆಲ್ಲಿ, ಸೀಗೆಯುಕ್ತ" ಅಂತ ದೊಡ್ಡದಾಗಿ ಬರೆಯುವ ಲೇಬಲ್‌ಗಳಲ್ಲಿ ಯಾವ ಕಾಡಿನದು, ಕಿಲೋಗೆ ಎಷ್ಟು ಕೊಟ್ಟಿರಿ ಅನ್ನುವ ಸಾಲು ನಾನು ಕಂಡಿಲ್ಲ.

ಖಾಲಿ ಪ್ಯಾಕೆಟ್ ವಿಷಯವೂ ಹಾಗೇ. ಹಾಲಿನ ಚೀಲ ತೂಗುವ ನಮ್ಮ ಭಂಗಾರ್‌ವಾಲಾ, ಅಂದರೆ ಗುಜರಿಯವನು, ಅದನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಪದರಗಳು ಒಂದಕ್ಕೊಂದು ಅಂಟಿರುತ್ತವೆ, ಬೇರೆ ಮಾಡಲಾಗದು. ಮಳೆಗಾಲದಲ್ಲಿ ನಾಲಾ ಕಟ್ಟಿಕೊಂಡಾಗ ಅದು ಮತ್ತೆ ಸಿಗುತ್ತದೆ. ಒಂದು ರೂಪಾಯಿ ಶಾಂಪೂವಿನಲ್ಲಿ ನಿಜವಾದ ತಕರಾರು ನನಗೆ ಇದೊಂದೇ.

ಯಾವ ಶಾಂಪೂ ಕೊಳ್ಳಲಿ ಅಂತ ಇನ್ನೂ ಕೇಳುವವರಿಗೆ: ನಿಮಗೆ ಒಗ್ಗುವುದರಲ್ಲಿ ಕಡಿಮೆ ಬೆಲೆಯದ್ದು. ಬಾಟಲಿ ಹಿಂದೆ ಗ್ರಾಹಕರಿಗಾಗಿ ಒಂದು ಫೋನ್ ನಂಬರ್ ಇರಲೇಬೇಕು, ಅದೂ ನಿಯಮ. ಊಟದ ಸಾಲಿನಲ್ಲಿ ನನ್ನನ್ನು ಬಿಟ್ಟು ಅಲ್ಲಿಗೆ ಫೋನ್ ಮಾಡಿ, ನೆಲ್ಲಿ ಯಾರಿಂದ ತಗೊಂಡ್ರಿ ಅಂತ ಕೇಳಿ.