ಎರಡು ಕೇಬಲ್, ಒಂದೇ ವಿಳಾಸ
ಕಲಬುರಗಿಯ ಈ ಬಿಸಿಲಿನಲ್ಲಿ ಸರ್ವರ್ ಕೋಣೆಯೊಂದೇ ತಂಪಾದ ಜಾಗವಾದ್ದರಿಂದ, ನಿನ್ನೆ ಮಧ್ಯಾಹ್ನವೆಲ್ಲ ಅಲ್ಲಿಯೇ ಕುಳಿತು ನಮ್ಮ ಲಿನಕ್ಸ್ ಸರ್ವರಿನ ಎರಡು ನೆಟ್‌ವರ್ಕ್ ಪೋರ್ಟುಗಳನ್ನು ಬಾಂಡಿಂಗ್ ಮೂಲಕ ಒಂದುಗೂಡಿಸಿದೆ. ಕಳೆದ ತಿಂಗಳು ಸಡಿಲಗೊಂಡ ಒಂದೇ ಒಂದು ಕೇಬಲ್ ಅರ್ಧ ದಿನದ ಕೆಲಸವನ್ನು ನುಂಗಿತ್ತು.

ನಾನು ಆರಿಸಿಕೊಂಡದ್ದು ಆಕ್ಟಿವ್-ಬ್ಯಾಕಪ್ ವಿಧಾನ: ಐಪಿ ವಿಳಾಸ ಬಾಂಡಿನದಾಗಿರುತ್ತದೆ, ಒಂದು ಪೋರ್ಟ್ ದುಡಿಯುತ್ತದೆ, ಇನ್ನೊಂದು ಸರದಿಗಾಗಿ ಕಾಯುತ್ತದೆ. ಹಲವು ಕೇಬಲ್‌ಗಳನ್ನು ಒಂದೇ ಲಿಂಕಾಗಿ ಜೋಡಿಸುವ ಎಲ್‌ಎಸಿಪಿ ಎಂಬ ನಿಯಮಾವಳಿ ಬಳಸಿ ಎರಡನ್ನೂ ಏಕಕಾಲಕ್ಕೆ ದುಡಿಸಬಹುದಿತ್ತಾದರೂ ಅದಕ್ಕೆ ಕೇಬಲ್ಲಿನ ಇನ್ನೊಂದು ತುದಿಯಲ್ಲಿರುವ ಸ್ವಿಚ್‌ನ (ನೆಟ್‌ವರ್ಕಿನ ಯಂತ್ರಗಳನ್ನು ಬೆಸೆಯುವ ಪೆಟ್ಟಿಗೆಯ) ಸಹಕಾರವೂ ಬೇಕು. ಮೇಲಾಗಿ, 1 ಗಿಗಾಬಿಟ್‌ನ ಎರಡು ಕೇಬಲ್‌ಗಳು ಸೇರಿದರೆ ಒಂದು ಫೈಲು 2 ಗಿಗಾಬಿಟ್ ವೇಗದಲ್ಲಿ ಓಡುತ್ತದೆಂಬ ನಂಬಿಕೆ ಸರಿಯಲ್ಲ, ಏಕೆಂದರೆ ಅಲ್ಲಿ ಒಂದು ಸಂಪರ್ಕದ ದತ್ತಾಂಶವೆಲ್ಲ ಸಾಮಾನ್ಯವಾಗಿ ಒಂದೇ ಕೇಬಲ್ಲಿನಲ್ಲಿ ಸಾಗುತ್ತದೆ. ನನಗೆ ಬೇಕಾದದ್ದು ವೇಗವಲ್ಲ, ನಿದ್ದೆ.

ಲಿಂಕ್ ಜೀವಂತವಿದೆಯೇ ಎಂದು 100 ಮಿಲಿಸೆಕೆಂಡಿಗೊಮ್ಮೆ ನೋಡುವಂತೆ ಹೊಂದಿಸಿದ್ದೇನೆ. ಆದರೆ ಆ ತಪಾಸಣೆ ಬಲ್ಲದ್ದು ಸರ್ವರಿನಿಂದ ಸ್ವಿಚ್‌ವರೆಗಿನ ತಂತಿಯನ್ನಷ್ಟೇ. ಸ್ವಿಚ್‌ನ ಆಚೆಗೆ ದಾರಿ ಕಡಿದಿದ್ದರೂ ಅದು ಎಲ್ಲವೂ ಸರಿಯಿದೆ ಎಂದೇ ಹೇಳುತ್ತದೆ, ಹೀಗಾಗಿ ಗೇಟ್‌ವೇಯನ್ನು (ಹೊರಗಿನ ನೆಟ್‌ವರ್ಕಿಗೆ ದಾರಿಯಾದ ಯಂತ್ರವನ್ನು) ಎಆರ್‌ಪಿ, ಅಂದರೆ ‘ಈ ಐಪಿ ವಿಳಾಸ ಯಾರದು’ ಎಂದು ಕೇಳುವ ಸಂದೇಶದ ಮೂಲಕ ವಿಚಾರಿಸುವ ಕ್ರಮಕ್ಕೆ ಬದಲಾಗಬೇಕೆಂದಿದ್ದೇನೆ. ದುಡಿಯುತ್ತಿದ್ದ ಕೇಬಲನ್ನು ಕೈಯಾರೆ ಕಿತ್ತಾಗ ಒಂದೇ ಒಂದು ಪಿಂಗ್ (ಯಂತ್ರ ಉತ್ತರಿಸುತ್ತಿದೆಯೇ ಎಂದು ನೋಡುವ ಪುಟ್ಟ ಸಂದೇಶ) ತಪ್ಪಿತು.

ಸಂಜೆ ಕೋಟೆಯ ಮಗ್ಗುಲಿನಿಂದ ಮನೆಗೆ ಮರಳುವಾಗ, ಒಂದು ಗೋಡೆಯನ್ನು ನಂಬದೆ ಎರಡು ಸುತ್ತು ಕಟ್ಟಿ ಕಂದಕವನ್ನೂ ತೋಡಿಸಿದವರ ಅನುಮಾನದ ಬುದ್ಧಿ ಆಪ್ತವೆನಿಸಿತು. ಆಗಲೇ ನೆನಪಾಯಿತು, ಆ ಎರಡು ಕೇಬಲ್‌ಗಳು ಹೋಗಿ ಸೇರುವ ನಮ್ಮ ಎರಡೂ ಸ್ವಿಚ್‌ಗಳು ಒಂದೇ ಯುಪಿಎಸ್‌ಗೆ ಜೋತುಬಿದ್ದಿವೆ.