ಪುಸ್ತಕ ತಂದಿಲ್ಲೇನ್ರಿ?

ನಮ್ಮ ಸಾಫ್ಟ್‌ವೇರ್ ರಿಲೀಸಿನಿಂದ ಡಾಕ್ಸ್ ಫೋಲ್ಡರ್, ಅಂದರೆ ಬಳಕೆಯ ಕೈಪಿಡಿಗಳಿದ್ದ ಫೋಲ್ಡರ್, ಕಿತ್ತುಹಾಕಿಸಿದವನು ನಾನೇ. ಒಂದು ಅಕ್ಷರ ತಪ್ಪಿದ್ದರೂ ತಿದ್ದೋಕೆ ಮುಂದಿನ ರಿಲೀಸಿನವರೆಗೆ ಕಾಯಬೇಕು, ಆನ್‌ಲೈನ್ ಇಟ್ಟರೆ ಸಂಜೆಯೊಳಗೆ ಮುಗೀತು ಎಂದು ಮೀಟಿಂಗಿನಲ್ಲಿ ಜೋರಾಗಿ ವಾದಿಸಿದ್ದೆ. ಎಲ್ಲರೂ ಒಪ್ಪಿದರು. ಫೋಲ್ಡರ್ ಹೋಗಿ ಆನ್‌ಲೈನ್ ಕೈಪಿಡಿಗೆ ಒಂದು ಲಿಂಕ್ ಉಳಿಯಿತು.

ನಾಲ್ಕು ತಿಂಗಳ ಮೇಲೆ ಪುಣೆ ಹತ್ತಿರ ಚಾಕಣದ ಒಂದು ಫ್ಯಾಕ್ಟರಿಗೆ ಹೋದೆ. ನಮ್ಮ ಡೇಟಾಬೇಸಿಗೆ ಒಂದು ಸ್ಟ್ಯಾಂಡ್‌ಬೈ ಸರ್ವರ್, ಅಂದರೆ ಮುಖ್ಯ ಸರ್ವರ್ ಕೈಕೊಟ್ಟರೆ ಅದರ ಜಾಗಕ್ಕೆ ನಿಲ್ಲುವ ನಕಲು, ಜೋಡಿಸಿ ಕೊಡಬೇಕಿತ್ತು. ಗೇಟಿನಲ್ಲೇ ಫೋನು, ಲ್ಯಾಪ್‌ಟಾಪು, ಪೆನ್‌ಡ್ರೈವ್ ಎಲ್ಲ ಇಸಿದುಕೊಂಡರು. ಸರ್ವರ್ ರೂಮಿನಲ್ಲಿ ಇಂಟರ್ನೆಟ್ ಇಲ್ಲ.

ಅಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನ 11ನೇ ಆವೃತ್ತಿ. ಸೆಟ್ಟಿಂಗ್ ಪೂರ್ತಿ ನೆನಪಿರಲಿಲ್ಲ. ಕಂಪ್ಯೂಟರಿನಲ್ಲೇ ಇರುವ ಕೈಪಿಡಿ ತೆರೆಯೋಕೆ ಮ್ಯಾನ್ ಅಂತ ಕಮಾಂಡ್ ಹೊಡೆದೆ. ಈ ಸಿಸ್ಟಂನಿಂದ ಅಗತ್ಯವಿಲ್ಲದ್ದನ್ನೆಲ್ಲ ತೆಗೆದಿದೆ, ವಾಪಸ್ ಬೇಕಿದ್ದರೆ ಅನ್‌ಮಿನಿಮೈಜ್ ಕಮಾಂಡ್ ಓಡಿಸಿ ಎಂದಿತು ಅಲ್ಲಿನ ಆಪರೇಟಿಂಗ್ ಸಿಸ್ಟಂ ಉಬುಂಟು. ಅದನ್ನು ಓಡಿಸೋಕೆ ಇಂಟರ್ನೆಟ್ ಬೇಕು! ಅಲ್ಲೂ ನನ್ನಂಥವನೊಬ್ಬ ಮೀಟಿಂಗಿನಲ್ಲಿ ವಾದ ಮಾಡಿರಬೇಕು.

ಗೇಟಿಗೆ ಬಂದು ಫೋನ್ ಇಸಿದುಕೊಂಡೆ. ಎದುರಿನ ಟಪರಿ (ಚಹಾದಂಗಡಿ) ಹತ್ತಿರ ನಿಂತು, ನಮ್ಮ ಲಿಂಕ್ ತೆರೆದು, ಬಿಸಿಲಿಗೆ ಕೈ ಅಡ್ಡ ಹಿಡಿದು ಪೋಸ್ಟ್‌ಗ್ರೆಸ್ ಕೈಪಿಡಿ ಓದಿದೆ. ವಡಾಪಾವ್ ಕಟ್ಟಿಕೊಟ್ಟ ಪೇಪರಿನ ಮೇಲೇ ಬರೆದುಕೊಂಡೆ. ಎಣ್ಣೆ ಹತ್ತಿದ ಕಡೆ ಪೆನ್ನು ಓಡಲಿಲ್ಲ. ಮುಖ್ಯ ಸರ್ವರಿಗೆ ಹೇಗೆ ಸೇರಬೇಕೆಂದು ಹೇಳುವ ಪ್ರೈಮರಿ ಕಾನ್‌ಇನ್ಫೋ ಸಾಲು ಮುಖ್ಯ ಕಾನ್ಫಿಗ್ (ಸೆಟ್ಟಿಂಗ್) ಫೈಲಿಗೆ. ಜೊತೆಗೆ ಸ್ಟ್ಯಾಂಡ್‌ಬೈ ಡಾಟ್ ಸಿಗ್ನಲ್ ಅಂತ ಒಂದು ಖಾಲಿ ಫೈಲು. ಒಳಗೆ ಹೋಗಿ ಹಾಗೇ ಮಾಡಿದೆ. ಸರ್ವರ್ ಏಳಲೇ ಇಲ್ಲ. ಇಂಥ ಹೆಸರಿನ ಸೆಟ್ಟಿಂಗೇ ಗೊತ್ತಿಲ್ಲ ಎಂದು ಲಾಗ್ ಹೇಳುತ್ತಿತ್ತು.

ಮತ್ತೆ ಗೇಟಿಗೆ. ಕನ್ನಡದಲ್ಲಿ ಏನೋ ಗೊಣಗಿಕೊಂಡೆ ಅಂತ ಕಾಣುತ್ತದೆ, ಸೆಕ್ಯುರಿಟಿಯವರು ತಲೆ ಎತ್ತಿದರು.

"ಯಾವೂರ್ರಿ ಸರ?"

"ಹುಬ್ಬಳ್ಳಿ."

"ನಾವು ಸಿಂದಗಿ ಕಡೆಯವ್ರು. ಅಲ್ರಿ, ಗಳಿಗಿಗೊಮ್ಮೆ ಓದಾಕ ಹೊರಗ ಬರ್ತೀರಲ್ಲ, ಪುಸ್ತಕ ತಂದಿಲ್ಲೇನ್ರಿ?"

ಪುಸ್ತಕ ಇತ್ತು, ನಾನೇ ತೆಗೆಸಿದೆ ಅಂತ ಹೇಗೆ ಹೇಳೋದು? ಸುಮ್ನೆ ನಕ್ಕೆ.

ಈ ಸಲ ಪುಟದ ತಲೆಯಲ್ಲಿ ಸಾಲಾಗಿದ್ದ ಆವೃತ್ತಿಗಳ ಅಂಕಿ ಕಣ್ಣಿಗೆ ಬಿತ್ತು. ಮೊದಲು ಓದಿದ್ದು ಹೊಸ ಆವೃತ್ತಿಯದು. ಈ ಸೆಟ್ಟಿಂಗುಗಳಿಗೆಂದೇ ಮೊದಲು ಇದ್ದ ರಿಕವರಿ ಡಾಟ್ ಕಾನ್ಫ್ ಎಂಬ ಬೇರೆ ಫೈಲು, 2019ರಲ್ಲಿ ಬಂದ 12ರಿಂದ ಈಚೆಗೆ ಇಲ್ಲ. 11ಕ್ಕೆ ಬೇಕಾದದ್ದು ಅದೇ. ಪೋಸ್ಟ್‌ಗ್ರೆಸ್‌ನವರದು ತಪ್ಪಲ್ಲ ಬಿಡಿ, ಹಳೆಯ ಆವೃತ್ತಿಗಳದ್ದನ್ನೂ ಹಾಗೇ ಇಟ್ಟಿದ್ದಾರೆ. ನಮ್ಮ ಲಿಂಕ್ ಮಾತ್ರ ಯಾವಾಗಲೂ ಇತ್ತೀಚಿನದನ್ನೇ ತೋರಿಸುತ್ತಿತ್ತು. 11ಕ್ಕೆ ಹೊಂದುವ ಒಂದೂವರೆ ಪುಟ ಇದ್ದದ್ದು ಆ ಕಿತ್ತುಹಾಕಿದ ಫೋಲ್ಡರಿನಲ್ಲಿ. ಬರೆದವನೂ ನಾನೇ.

ಮುಂದಿನ ರಿಲೀಸಿಗೆ ಫೋಲ್ಡರ್ ವಾಪಸ್ ಬಂತು. ಆನ್‌ಲೈನೂ ಇದೆ, ತಿದ್ದೋಕೆ ಅದೇ ಸಲೀಸು ಅನ್ನೋದನ್ನು ಈಗಲೂ ಬಿಟ್ಟುಕೊಡುವುದಿಲ್ಲ. "ಸಾರ್, ಇದು ಬೇಡ ಅಂದಿದ್ದು ನೀವೇ ಅಲ್ವಾ?" ಎಂದ ಜೂನಿಯರ್ ಹುಡುಗ. ಬ್ಯಾಗಿನಿಂದ ಆ ಎಣ್ಣೆ ಪೇಪರ್ ತೆಗೆದು ಅವನ ಮುಂದಿಟ್ಟೆ.